ತಾಯಿಯಿಂದ ಮರಿಯನ್ನು ಎತ್ತಿಕೊಳ್ಳುವ ಮುನ್ನ



ಒಂದು ಪ್ರಯಾಣದ ನಡುವೆ ಸಹಾಬಿಗಳು ಎರಡು ಮರಿಗಳಿದ್ದ ಪುಟ್ಟ ಹಕ್ಕಿಯೊಂದನ್ನು ಕಂಡರು. ಪ್ರವಾದಿವರ್ಯರು(ಸ) ಆಗ ಯಾವುದೋ ಅಗತ್ಯಕ್ಕಾಗಿ ತುಸು ದೂರ ಹೋಗಿದ್ದರು. ಸಹಾಬಿಗಳು ಮರಿಗಳನ್ನು ಎತ್ತಿಕೊಂಡರು. ತಾಯಿಹಕ್ಕಿ ರೆಕ್ಕೆ ಬಡಿಯುತ್ತಾ ಅಲ್ಲೇ ಸುತ್ತತೊಡಗಿತು. ಮರಳಿ ಬಂದ ಪ್ರವಾದಿವರ್ಯರು(ಸ) ಅದರ ಸಂಕಟವನ್ನು ಕಂಡು, ಮರಿಗಳನ್ನು ತೆಗೆದು ಈ ಹಕ್ಕಿಯನ್ನು ನೋಯಿಸಿದವರು ಯಾರೆಂದು ವಿಚಾರಿಸಿದರು. ಅವುಗಳನ್ನು ತಾಯಿಗೇ ಮರಳಿಸಬೇಕೆಂದು ಆಜ್ಞಾಪಿಸಿದರು. ಅಬ್ದುಲ್ಲಾ ಬಿನ್ ಮಸ್‌ಊದ್(ರ) ವರದಿ ಮಾಡಿರುವ ಈ ಘಟನೆ ಅಬೂದಾವೂದ್ ಹದೀಸ್ ಸಂಗ್ರಹದಲ್ಲಿದೆ.

ಈ ಹದೀಸನ್ನು ನಾನು ಮದ್ರಸದಲ್ಲಿ ಅನೇಕ ಬಾರಿ ಕಲಿಸಿದ್ದೇನೆ. ಆದರೆ ಅದು ನನಗೇ ತಟ್ಟಿದ್ದು ಹತ್ತು ವರ್ಷದ ಒಬ್ಬ ವಿದ್ಯಾರ್ಥಿನಿಯ ಮೂಲಕ. ಅವಳ ಮನೆಯ ಬೆಕ್ಕು ನಾಲ್ಕು ಮರಿ ಹಾಕಿತ್ತು. ಮರಿಗಳನ್ನು ಯಾವಾಗ ಕೊಡಬಹುದೆಂದು ಅವಳ ತಾಯಿ ನನ್ನಲ್ಲಿ ಕೇಳಿಸಿದ್ದರು. "ಮೀನಿನ ಚೂರು ನೆಕ್ಕುತ್ತವೆಯೇ?" ಎಂದು ಕೇಳಿದೆ. "ನೆಕ್ಕುತ್ತವೆ ಉಸ್ತಾದ್" ಎಂದಳು. "ಹಾಗಾದರೆ ಕೊಡಬಹುದು" ಎಂದೆ. ಆಗ ಅವುಗಳಿಗೆ ನಾಲ್ಕು ವಾರವೂ ತುಂಬಿರಲಿಲ್ಲ. ಒಂದು ಮರಿ ನಮ್ಮ ಮನೆಗೇ ಬಂತು. ರಾತ್ರಿಯಿಡೀ ಅತ್ತಿತು. ನಾವು ಕರುಣೆಯಿಂದಲೇ ದನದ ಹಾಲು ಕೊಟ್ಟೆವು. ಭೇದಿ ಶುರುವಾಯಿತು. ನಾಲ್ಕನೆಯ ದಿನ ಅದು ಸತ್ತಿತು.

ಮರುದಿನ ಆ ಹುಡುಗಿ ಹೇಳಿದಳು: "ಉಸ್ತಾದ್, ನಮ್ಮ ಬೆಕ್ಕು ಇನ್ನೂ ಮೂಲೆ ಮೂಲೆ ಹುಡುಕುತ್ತಿದೆ. ಆ ಹಕ್ಕಿಗೆ ಮರಿಗಳನ್ನು ವಾಪಸ್ ಕೊಡಿಸಿದರಲ್ಲ, ನಮ್ಮ ಬೆಕ್ಕಿಗೆ ಯಾರು ಕೊಡಿಸುತ್ತಾರೆ?"

ನನ್ನಲ್ಲಿ ಉತ್ತರವಿರಲಿಲ್ಲ. ಇನ್ನೊಬ್ಬರು ಇದೇ ತಪ್ಪು ಮಾಡದಿರಲಿ ಎಂದು ಇದನ್ನು ಬರೆಯುತ್ತಿದ್ದೇನೆ.

ಕರ್ಮಶಾಸ್ತ್ರ ಏನನ್ನುತ್ತದೆ?

ತಾಯಿ ಮತ್ತು ಮಗುವನ್ನು ಅಗಲಿಸುವವನನ್ನು ಅಲ್ಲಾಹನು ಪುನರುತ್ಥಾನ ದಿನದಂದು ಅವನ ಪ್ರಿಯರಿಂದ ಅಗಲಿಸುವನೆಂಬ ಎಚ್ಚರಿಕೆಯನ್ನು ಅಬೂ ಅಯ್ಯೂಬ್ ಅನ್ಸಾರಿ(ರ) ವರದಿ ಮಾಡಿದ್ದಾರೆ (ತಿರ್ಮಿದಿ). ಆ ಮಾತು ಮನುಷ್ಯರ ಕುರಿತಾದುದು. ಆದರೆ ಫುಕಹಾಗಳು ಪ್ರಾಣಿಗಳ ವಿಷಯವನ್ನೂ ಬಿಡಲಿಲ್ಲ. ನಮ್ಮ ಕರಾವಳಿಯ ದರ್ಸ್‌ಗಳಲ್ಲಿ ಓದಿಸಲಾಗುವ, ಪೊನ್ನಾನಿಯ ಝೈನುದ್ದೀನ್ ಮಖ್ದೂಮ್‌ರ(ರ) 'ಫತ್‌ಹುಲ್ ಮುಈನ್' ಗ್ರಂಥವು ಪ್ರಾಣಿಯ ಮರಿಯನ್ನು ಬೇರ್ಪಡಿಸಲು ಒಂದು ಷರತ್ತು ಇಡುತ್ತದೆ: ಅದು ತಾಯಿಯಿಲ್ಲದೆ ಬದುಕುವ ಸ್ಥಿತಿಗೆ ಬಂದಿರಬೇಕು. ಅಷ್ಟಾದರೂ, ಹಾಲು ಕುಡಿಯುತ್ತಿರುವ ಮರಿಯನ್ನು ಅಗಲಿಸುವುದು ಕರಾಹತ್ ಎಂದೂ ಅದು ಹೇಳುತ್ತದೆ.

ಈ ಷರತ್ತನ್ನು ನಾನು ದರ್ಸ್‌ನಲ್ಲಿ ಓದಿದ್ದೆ. ಆದರೆ ಬೆಕ್ಕಿನ ಮರಿಯಲ್ಲಿ ಆ ಸ್ಥಿತಿ ಯಾವಾಗ ಬರುತ್ತದೆಂದು ಅರಿಯಲು ಹೋಗಿರಲಿಲ್ಲ. ನನ್ನ ತಪ್ಪು ಇದ್ದುದೇ ಅಲ್ಲಿ. ತಿನ್ನಲು ಕಲಿಯುವುದು ಬೇರೆ, ತಾಯಿಯ ಅಗತ್ಯ ತೀರುವುದು ಬೇರೆ.

ವಾರಗಳ ಲೆಕ್ಕ

ಬೆಕ್ಕಿನ ಮರಿ ಕುರುಡಾಗಿ ಹುಟ್ಟುತ್ತದೆ. ಸಾಮಾನ್ಯವಾಗಿ 7ರಿಂದ 14 ದಿನಗಳೊಳಗೆ ಕಣ್ಣು ತೆರೆಯುತ್ತದೆ. ಮೊದಲ ವಾರಗಳಲ್ಲಿ ತನ್ನ ಮೈಯ ಬಿಸಿಯನ್ನು ಕಾಯ್ದುಕೊಳ್ಳುವ ಶಕ್ತಿಯೂ ಅದಕ್ಕಿಲ್ಲ. ಸುಮಾರು ಮೂರು ವಾರಗಳ ತನಕ ತಾಯಿ ನೆಕ್ಕಿ ಪ್ರಚೋದಿಸದಿದ್ದರೆ ಮಲಮೂತ್ರವೂ ಸರಿಯಾಗಿ ಹೋಗದು.

ನಾಲ್ಕನೆಯ ವಾರದ ಸುಮಾರಿಗೆ ಅದು ಮೆದು ಆಹಾರವನ್ನು ಮೂಸಿ ನೆಕ್ಕತೊಡಗುತ್ತದೆ. ನಾವು ಮೋಸ ಹೋಗುವುದು ಇಲ್ಲೇ. ಇದು ಹಾಲು ಬಿಡುವ ಕಾಲದ ಕೊನೆಯಲ್ಲ, ಆರಂಭ. ಮುಂದಿನ ವಾರಗಳಲ್ಲಿ ತಾಯಿಯೇ ಎದ್ದು ನಡೆದು, ಮರಿಗಳನ್ನು ದೂರ ತಳ್ಳಿ, ಮೆಲ್ಲಮೆಲ್ಲನೆ ಹಾಲು ಬಿಡಿಸುತ್ತದೆ. ಏಳೆಂಟು ವಾರಗಳಾಗುವಾಗ ಈ ಕೆಲಸ ಬಹುಮಟ್ಟಿಗೆ ಮುಗಿಯುತ್ತದೆ.

ಈ ಅವಧಿಯಲ್ಲಿ ಹಾಲಿನ ಜೊತೆಗೆ ಶಿಕ್ಷಣವೂ ಸಿಗುತ್ತದೆ. ಮೈ ಶುಚಿಗೊಳಿಸುವುದನ್ನು ಮರಿ ತಾಯಿಯನ್ನು ನೋಡಿ ರೂಢಿಸಿಕೊಳ್ಳುತ್ತದೆ. ಒಡಹುಟ್ಟಿದವುಗಳೊಡನೆ ಆಡುತ್ತಾ, ಎಷ್ಟು ಕಚ್ಚಿದರೆ ನೋವಾಗುತ್ತದೆಂದು ತಿಳಿಯುತ್ತದೆ. ಬೇಗನೆ ಅಗಲಿದ ಮರಿ ಮುಂದೆ ನಿಮ್ಮ ಮಕ್ಕಳ ಕೈಯನ್ನು ಪರಚಿದರೆ, ತಪ್ಪು ಅದರದ್ದಲ್ಲ. ಅದರ ಪಾಠವನ್ನು ಅರ್ಧದಲ್ಲೇ ನಿಲ್ಲಿಸಲಾಗಿತ್ತು. 2017ರಲ್ಲಿ ಫಿನ್‌ಲ್ಯಾಂಡಿನ ಹೆಲ್ಸಿಂಕಿ ವಿಶ್ವವಿದ್ಯಾನಿಲಯದ ಸಂಶೋಧಕರು ಸುಮಾರು 5,700 ಬೆಕ್ಕುಗಳ ಮಾಹಿತಿಯನ್ನು ಪರಿಶೀಲಿಸಿದಾಗ, 8 ವಾರಕ್ಕೆ ಮುಂಚೆ ತಾಯಿಯಿಂದ ಅಗಲಿದ ಬೆಕ್ಕುಗಳಲ್ಲಿ ಆಕ್ರಮಣ ಸ್ವಭಾವ ಹೆಚ್ಚಾಗಿ ಕಂಡುಬಂತು.

ಆದ್ದರಿಂದ 8 ವಾರವನ್ನು ಕನಿಷ್ಠ ಮಿತಿಯೆಂದು ತಿಳಿಯಿರಿ. ಸಾಧ್ಯವಿದ್ದರೆ 12 ವಾರ ಕಾಯಿರಿ. ಹಾಗೆಂದು ಅಲ್ಲಿಯವರೆಗೆ ಮರಿಗಳನ್ನು ಮುಟ್ಟಬಾರದೆಂದಲ್ಲ. ಎರಡರಿಂದ ಏಳು ವಾರಗಳ ನಡುವೆ ಮೃದುವಾಗಿ ಎತ್ತಿ ಮುದ್ದಾಡಿದ ಮರಿ ಮನುಷ್ಯರಿಗೆ ಚೆನ್ನಾಗಿ ಒಗ್ಗಿಕೊಳ್ಳುತ್ತದೆ. ತಾಯಿ ಬೆಕ್ಕು ಒಪ್ಪಿದರೆ ಮಕ್ಕಳು ಅಲ್ಲೇ ಕುಳಿತು ಆಡಿಸಲಿ.

ಕೊಡುವವರು ಗಮನಿಸಬೇಕಾದದ್ದು

ಮರಿ ತಾನಾಗಿಯೇ ಹೊಟ್ಟೆ ತುಂಬ ತಿನ್ನುತ್ತಿದೆಯೇ? ಭೇದಿಯಿಲ್ಲದೆ ಚುರುಕಾಗಿದೆಯೇ? ಮರಳಿನ ತಟ್ಟೆಯಲ್ಲಿ ಮಲವಿಸರ್ಜನೆ ಮಾಡಿ ಮುಚ್ಚುತ್ತಿದೆಯೇ? ಮೊದಲು ಇವನ್ನು ನೋಡಿಕೊಳ್ಳಿರಿ. 6ರಿಂದ 8 ವಾರಗಳಾಗುವಾಗ ಪಶುವೈದ್ಯರಲ್ಲಿ ಲಸಿಕೆ ಆರಂಭಿಸಿ ಜಂತುಹುಳದ ಔಷಧಿಯನ್ನೂ ಕೇಳಿರಿ. ಹುಚ್ಚುನಾಯಿ ರೋಗದ ಲಸಿಕೆಯನ್ನು ಸಾಮಾನ್ಯವಾಗಿ 12 ವಾರದ ಬಳಿಕ ಕೊಡುತ್ತಾರೆ.

ಎಲ್ಲ ಮರಿಗಳನ್ನು ಒಂದೇ ದಿನ ಕೊಡದೆ, ಕೆಲವು ದಿನಗಳ ಅಂತರದಲ್ಲಿ ಒಂದೊಂದಾಗಿ ಕೊಡಿರಿ. ಇದರಿಂದ ತಾಯಿಯ ಮೊಲೆ ಬಿಗಿದು ನೋಯುವುದು ತಪ್ಪುತ್ತದೆ. ತಾಯಿ ಮಲಗಿದ್ದ ಬಟ್ಟೆಯ ತುಂಡೊಂದನ್ನು ಮರಿಯ ಜೊತೆಗೆ ಕಳುಹಿಸಿರಿ. ಪರಿಚಿತ ವಾಸನೆ ಅದಕ್ಕೆ ಧೈರ್ಯ ಕೊಡುತ್ತದೆ. ಇಲ್ಲಿ ತಿನ್ನುತ್ತಿದ್ದ ಆಹಾರವನ್ನೇ ಅಲ್ಲಿಯೂ ಕೆಲವು ದಿನ ಮುಂದುವರಿಸಲು ಹೇಳಿರಿ. ಬೆಕ್ಕಿನ ಬೆಲೆಯನ್ನು ಪ್ರವಾದಿವರ್ಯರು(ಸ) ತಡೆದರೆಂಬ ಜಾಬಿರ್‌ರ(ರ) ವರದಿ ಮುಸ್ಲಿಮ್‌ನಲ್ಲಿದೆ. ಅದರ ವ್ಯಾಖ್ಯಾನದಲ್ಲಿ ವಿದ್ವಾಂಸರಿಗೆ ಭಿನ್ನಾಭಿಪ್ರಾಯವಿದ್ದರೂ, ಉಚಿತವಾಗಿ ಕೊಡುವುದೇ ಸುಂದರ.

ತಾಯಿ ಸತ್ತು ಅನಾಥವಾದ ಮರಿ ಸಿಕ್ಕಿದರೆ? ಬೆಚ್ಚಗಿಡಿರಿ. ದನದ ಹಾಲು ಬೇಡ. ಬೆಕ್ಕಿನ ಮರಿಗಳಿಗೆಂದೇ ಸಿಗುವ ಹಾಲಿನ ಪುಡಿಯ ಬಗ್ಗೆ ಪಶುವೈದ್ಯರಲ್ಲಿ ವಿಚಾರಿಸಿರಿ.

ಇನ್ನು, ಮರಿಗಳನ್ನು ಗೋಣಿಯಲ್ಲಿ ತುಂಬಿ ಮೀನು ಮಾರುಕಟ್ಟೆಯ ಹಿಂದೆ ಬಿಟ್ಟು ಬರುವವರು ನಮ್ಮಲ್ಲಿದ್ದಾರೆ. "ಅಲ್ಲಿ ಮೀನು ಸಿಗುತ್ತದಲ್ಲ" ಎನ್ನುತ್ತಾರೆ. ಓಡಲೂ ತಿಳಿಯದ ಮರಿ ನಾಯಿಗಳ ಮತ್ತು ಲಾರಿಗಳ ನಡುವೆ ಮೀನು ಹುಡುಕೀತೇ? ಬೆಕ್ಕನ್ನು ಕೂಡಿಹಾಕಿ, ಅನ್ನವನ್ನೂ ಕೊಡದೆ, ತಾನಾಗಿ ಹುಡುಕಿ ತಿನ್ನಲೂ ಬಿಡದೆ ಸಾಯಿಸಿದ ಮಹಿಳೆ ನರಕಕ್ಕೆ ಗುರಿಯಾದಳೆಂಬ ಹದೀಸನ್ನು (ಬುಖಾರಿ, ಮುಸ್ಲಿಮ್) ನಾವು ಬಾಲ್ಯದಿಂದ ಕೇಳಿದ್ದೇವೆ. ಅವಳು ಬಾಗಿಲು ಮುಚ್ಚಿ ಮಾಡಿದ್ದನ್ನು ನಾವು ಬಯಲಿನಲ್ಲಿ ಮಾಡುತ್ತಿಲ್ಲವೇ?

ಆ ವಿದ್ಯಾರ್ಥಿನಿಯ ಮನೆಯ ಬೆಕ್ಕು ಮತ್ತೆ ಮರಿ ಹಾಕಿದೆ, ಈ ಬಾರಿ ಮೂರು. ಗೋಡೆಯ ಕ್ಯಾಲೆಂಡರಿನಲ್ಲಿ ಅವಳು ಹನ್ನೆರಡನೆಯ ವಾರಕ್ಕೆ ಗುರುತು ಹಾಕಿದ್ದಾಳೆ. ಆ ದಿನ ಒಂದು ಮರಿ ನಮ್ಮ ಮನೆಗೆ ಬರಲಿದೆ, ಇನ್‌ಶಾ ಅಲ್ಲಾಹ್. ಅಲ್ಲಿಯವರೆಗೆ ಅದು ತಾಯಿಯ ಬಳಿಯಲ್ಲೇ ಇರಲಿ.

ಮೂಕಜೀವಿಗಳ ಹಕ್ಕನ್ನು ಅರಿತು ನಡೆಯುವ ಭಾಗ್ಯವನ್ನು ಅಲ್ಲಾಹನು ನಮಗೆಲ್ಲರಿಗೂ ಕರುಣಿಸಲಿ. ಆಮೀನ್.