ಅಷ್ಟಗ್ರಹ ಕೂಟ

1962ನೆಯ ಇಸವಿಯ ಫೆಬ್ರವರಿ ತಿಂಗಳು ಭಾರತದಲ್ಲಿ ವಿಚಿತ್ರವಾದೊಂದು ಭೀತಿಯನ್ನು ಹೊತ್ತು ತಂದಿತು. ಆ ತಿಂಗಳ 3ರಿಂದ 5ರವರೆಗೆ ಸೂರ್ಯ, ಚಂದ್ರ, ಮಂಗಳ, ಬುಧ, ಗುರು, ಶುಕ್ರ, ಶನಿ, ಕೇತು ಎಂಬ ಎಂಟು ಗ್ರಹಗಳು ಮಕರ ರಾಶಿಯಲ್ಲಿ ಕೂಡುವುವೆಂದು ಪಂಚಾಂಗಗಳು ಸಾರಿದ್ದವು. ಇದರ ಫಲವಾಗಿ ಭೂಕಂಪ, ಜಲಪ್ರಳಯ, ಯುದ್ಧಗಳು ಒದಗುವುವೆಂದು ಅನೇಕ ಜ್ಯೋತಿಷಿಗಳು ನುಡಿದರು. ಲೋಕವೇ ಅಳಿಯುವುದೆಂದು ಹೇಳಿದವರೂ ಇದ್ದರು. ದೇಶದ ನಾನಾ ಕಡೆಗಳಲ್ಲಿ ಯಜ್ಞಯಾಗಾದಿಗಳೂ ಸಾಮೂಹಿಕ ಪ್ರಾರ್ಥನೆಗಳೂ ನಡೆದವು. ಮೂರು ದಿನಗಳು ಕಳೆದವು. ಸೂರ್ಯನು ಎಂದಿನಂತೆಯೇ ಮೂಡಿದನು, ಪ್ರಳಯವಾಗಲಿಲ್ಲ.

ಇಂತಹ ಭೀತಿ ನಮ್ಮ ದೇಶಕ್ಕೆ ಮಾತ್ರ ಮೀಸಲಾದುದಲ್ಲ. ಜರ್ಮನಿಯ ಯೊಹಾನೆಸ್ ಸ್ಟೋಫ್ಲರ್ ಎಂಬ ಪಂಡಿತನು 1499ರಲ್ಲಿ ಪ್ರಕಟಿಸಿದ ಪಂಚಾಂಗದಲ್ಲಿ, 1524ರ ಫೆಬ್ರವರಿಯಲ್ಲಿ ಗ್ರಹಗಳು ಮೀನರಾಶಿಯಲ್ಲಿ ಸೇರುವುವೆಂದೂ ಆಗ ಮಹಾ ಪರಿವರ್ತನೆಗಳಾಗುವುವೆಂದೂ ತಿಳಿಸಿದ್ದನು. ಮೀನವು ಜಲರಾಶಿಯಾದುದರಿಂದ ಇತರರು ಇದನ್ನು ಮಹಾಪ್ರವಾಹದ ಸೂಚನೆಯೆಂದು ಅರ್ಥೈಸಿದರು. ಈ ಕುರಿತು ನೂರಕ್ಕೂ ಹೆಚ್ಚು ಕಿರುಹೊತ್ತಿಗೆಗಳು ಅಚ್ಚಾಗಿ ಯುರೋಪಿನಲ್ಲೆಲ್ಲ ಹರಡಿದವು. ಲೋಕವನ್ನು ಮುಳುಗಿಸುವ ಪ್ರವಾಹ ಮಾತ್ರ ಬರಲಿಲ್ಲ.

ಈ ಎರಡು ಪ್ರಸಂಗಗಳಲ್ಲಿಯೂ ಗಣಿತ ತಪ್ಪಾಗಿರಲಿಲ್ಲ. ಗ್ರಹಗಳು ಹೇಳಿದ ಕಾಲಕ್ಕೆ ಹೇಳಿದ ರಾಶಿಯಲ್ಲಿಯೇ ಇದ್ದವು. ತಪ್ಪಾದುದು ಅದಕ್ಕೆ ಹೊಂದಿಸಿದ ಫಲ. ಒಂದೇ ರಾಶಿಯಲ್ಲಿ ಕಂಡ ಮಾತ್ರಕ್ಕೆ ಗ್ರಹಗಳು ಒಂದನ್ನೊಂದು ಸಮೀಪಿಸಿರುವುದಿಲ್ಲ; ಭೂಮಿಯಿಂದ ನೋಡುವವರಿಗೆ ಒಂದೇ ದಿಕ್ಕಿನಲ್ಲಿ ತೋರುತ್ತವೆ, ಅಷ್ಟೆ. ಅಂದು ಚಂದ್ರನು ನಾಲ್ಕು ಲಕ್ಷ ಕಿಲೋಮೀಟರುಗಳೊಳಗೆ ಇದ್ದರೆ, ಶನಿಯು 140 ಕೋಟಿ ಕಿಲೋಮೀಟರುಗಳಿಗೂ ಆಚೆ ಇದ್ದನು. ಕೇತುವಂತೂ ಕಾಯವೇ ಅಲ್ಲ. ಚಂದ್ರನ ಪಥವು ಸೂರ್ಯನ ಪಥವನ್ನು ಛೇದಿಸುವ ಒಂದು ಬಿಂದು. ಚಂದ್ರನು ಸಮುದ್ರದಲ್ಲಿ ಉಬ್ಬರವಿಳಿತಗಳನ್ನು ಉಂಟುಮಾಡುವುದು ನಿಜ. ಆದರೆ ಶುಕ್ರನು ಭೂಮಿಗೆ ಅತಿ ಸಮೀಪ ಬಂದಾಗಲೂ ಅವನ ಅಂತಹ ಸೆಳೆತವು ಚಂದ್ರನದರ ಹತ್ತು ಸಾವಿರದಲ್ಲಿ ಒಂದು ಪಾಲನ್ನೂ ಮುಟ್ಟುವುದಿಲ್ಲ.

ಅದೇ ವರ್ಷದ ಅಕ್ಟೋಬರಿನಲ್ಲಿ ಚೀನಾದೊಡನೆ ಯುದ್ಧವಾಯಿತಲ್ಲವೆ ಎಂದು ಕೆಲವರು ಕೇಳಬಹುದು. ಫೆಬ್ರವರಿಯ ಮೂರು ದಿನಗಳಿಗೆ ಹೇಳಿದ ಫಲವನ್ನು ಎಂಟು ತಿಂಗಳು ಮುಂದಕ್ಕೆ ಎಳೆಯಬಹುದಾದರೆ, ಯಾವ ಭವಿಷ್ಯವೂ ಸುಳ್ಳಾಗಲಾರದು. ಇಷ್ಟು ದೊಡ್ಡ ಜಗತ್ತಿನಲ್ಲಿ ಯುದ್ಧವೋ ಭೂಕಂಪವೋ ಇಲ್ಲದ ವರ್ಷವೇ ಅಪರೂಪ. ಸುಳ್ಳಾಗಲು ಅವಕಾಶವೇ ಇಲ್ಲದ ಮಾತಿನಿಂದ ಮುನ್ನೆಚ್ಚರಿಕೆಯೂ ದೊರೆಯುವುದಿಲ್ಲ.

ನಿಜವಾದ ಮುನ್ಸೂಚನೆಯ ಬಗೆ ಬೇರೆ. 1999ರ ಅಕ್ಟೋಬರಿನಲ್ಲಿ ಒಡಿಶಾ ತೀರಕ್ಕೆ ಅಪ್ಪಳಿಸಿದ ಚಂಡಮಾರುತಕ್ಕೆ ಸುಮಾರು ಹತ್ತು ಸಾವಿರ ಜನ ಬಲಿಯಾದರು. 2013ರಲ್ಲಿ ಫೈಲಿನ್ ಚಂಡಮಾರುತ ಬಂದಾಗ ಹವಾಮಾನ ಇಲಾಖೆಯು ಅದರ ದಾರಿಯನ್ನೂ ವೇಗವನ್ನೂ ಮುಂಚಿತವಾಗಿಯೇ ತಿಳಿಸಿತು. ಲಕ್ಷಾಂತರ ಜನರನ್ನು ಸುರಕ್ಷಿತ ತಾಣಗಳಿಗೆ ಸಾಗಿಸಲಾಯಿತು. ಸತ್ತವರ ಸಂಖ್ಯೆ ಹಿಂದಿನದಕ್ಕೆ ಹೋಲಿಸಿದರೆ ಅತ್ಯಲ್ಪ. ಆ ಮುನ್ಸೂಚನೆಯು ಇಂತಹ ಸ್ಥಳ, ಇಂತಹ ಹೊತ್ತು ಎಂದು ಖಚಿತವಾಗಿ ನುಡಿದಿತ್ತು. ತಪ್ಪಿದ್ದರೆ ಎಲ್ಲರಿಗೂ ತಿಳಿಯುತ್ತಿತ್ತು. ಅದು ಜನರನ್ನು ಹೆದರಿಸಿ ಸುಮ್ಮನಾಗಲಿಲ್ಲ. ಏನು ಮಾಡಬೇಕೆಂಬುದನ್ನು ತಿಳಿಸಿ ಅವರ ಪ್ರಾಣವನ್ನು ಉಳಿಸಿತು.