ಸ್ವರಾಕ್ಷರದ ಮೇಲಿನ ಓರೆಗೆರೆ

ರೋಮನ್ ವರ್ಣಮಾಲೆಯ ಮೊದಲ ಅಕ್ಷರದ ನೆತ್ತಿಯ ಮೇಲೆ ಬಲಕ್ಕೆ ಏರುವ ಓರೆಗೆರೆಯೊಂದು ಅನೇಕ ಭಾಷೆಗಳ ಬರಹದಲ್ಲಿ ಕಾಣಿಸುತ್ತದೆ. ವಿದೇಶೀ ಹೆಸರುಗಳನ್ನು ಕನ್ನಡಕ್ಕೆ ತರುವವರು ಅದನ್ನು ದೀರ್ಘದ ಗುರುತೆಂದು ಭಾವಿಸಿ ‘ಆ’ ಎಂದು ಬರೆದುಬಿಡುವುದುಂಟು. ಈ ಭಾವನೆ ಕೆಲವು ಭಾಷೆಗಳ ಮಟ್ಟಿಗೆ ಸರಿ, ಎಲ್ಲಕ್ಕೂ ಸಲ್ಲುವುದಿಲ್ಲ.

ಗೆರೆಯ ಮೂಲ ಗ್ರೀಕಿನಲ್ಲಿದೆ. ಕ್ರಿ.ಪೂ. 200ರ ಸುಮಾರಿನ ಬೈಜಾಂಟಿಯಮ್‌ನ ಅರಿಸ್ಟೊಫೇನೀಸ್ ಇದನ್ನು ರೂಪಿಸಿದನೆಂಬುದು ಪರಂಪರೆಯ ಹೇಳಿಕೆ. ಅಲ್ಲಿ ಅದು ಸೂಚಿಸಿದ್ದು ಧ್ವನಿಯ ಏರಿಕೆಯನ್ನು, ಕಾಲಪ್ರಮಾಣವನ್ನಲ್ಲ. ಮುಂದೆ ಗ್ರೀಕರ ಉಚ್ಚಾರಣೆಯಲ್ಲಿ ಏರಿಳಿತದ ಸ್ಥಾನವನ್ನು ಒತ್ತು ಆಕ್ರಮಿಸಿತು. 1982ರ ಲಿಪಿಸುಧಾರಣೆ ಒತ್ತಿಗಾಗಿ ಒಂದೇ ಗುರುತನ್ನು ಉಳಿಸಿಕೊಂಡಿತು. ವೇದಪಾಠ ಬಲ್ಲವರಿಗೆ ಮೂಲದ ಅರ್ಥ ಅಪರಿಚಿತವಲ್ಲ. ಋಗ್ವೇದವನ್ನು ರೋಮನ್ ಲಿಪಿಯಲ್ಲಿ ಅಚ್ಚುಮಾಡಿದ ಯುರೋಪಿನ ವಿದ್ವಾಂಸರು ಉದಾತ್ತಕ್ಕೆ ಆರಿಸಿಕೊಂಡದ್ದು ಇದೇ ಓರೆಗೆರೆಯನ್ನು. ಸ್ವಾರಸ್ಯವೆಂದರೆ, ಋಗ್ವೇದದ ನಾಗರೀ ಬರಹದಲ್ಲಿ ಅನುದಾತ್ತಕ್ಕೆ ಕೆಳಗೆರೆ, ಸ್ವರಿತಕ್ಕೆ ಮೇಲುಗೆರೆ ಇವೆ. ಉದಾತ್ತಕ್ಕೆ ಮಾತ್ರ ಯಾವ ಗುರುತೂ ಇಲ್ಲ. ವಿಯೆಟ್ನಾಮೀ ಭಾಷೆಯಲ್ಲೂ ಗೆರೆ ಏರುಸ್ವರದ್ದೇ: ಗೆರೆಯಿಲ್ಲದ ‘ಮ’ ಎಂದರೆ ದೆವ್ವ, ಗೆರೆಯಿಟ್ಟರೆ ದಕ್ಷಿಣದವರ ಮಾತಿನಲ್ಲಿ ತಾಯಿ.

ಸ್ಪ್ಯಾನಿಷ್‌ನಲ್ಲಿ ಗೆರೆ ಒತ್ತಿನ ಸ್ಥಾನವನ್ನು ತಿಳಿಸುತ್ತದೆ. ‘ಪಪ’ ಎಂಬುದರ ಮೊದಲ ಅಕ್ಷರಕ್ಕೆ ಒತ್ತು ಬಿದ್ದರೆ ಲ್ಯಾಟಿನ್ ಅಮೆರಿಕದಲ್ಲಿ ಆಲೂಗಡ್ಡೆ. ಗೆರೆಯ ಬಲದಿಂದ ಒತ್ತು ಕೊನೆಗೆ ಸರಿದರೆ ಅಪ್ಪ. ಚೆಕ್ ಭಾಷೆಯಲ್ಲಿ ಒತ್ತು ಯಾವಾಗಲೂ ಮೊದಲ ಅಕ್ಷರದ ಮೇಲೆ, ಗೆರೆ ದೀರ್ಘಕ್ಕೆ ಮೀಸಲು: ‘ಪಸ್’ ರಹದಾರಿ, ‘ಪಾಸ್’ ನಡುಪಟ್ಟಿ. ಕನ್ನಡದ ಕಿವಿಗೆ ಅತ್ಯಂತ ಹತ್ತಿರದ ವ್ಯವಸ್ಥೆ ಇದು. ಹಂಗೇರಿಯನ್‌ನಲ್ಲಿ ದೀರ್ಘದೊಡನೆ ಸ್ವರದ ಗುಣವೂ ಬದಲಾಗುತ್ತದೆ. ಗೆರೆಯಿಲ್ಲದ ಅಕ್ಷರವನ್ನು ತುಟಿ ದುಂಡಾಗಿಸಿ ‘ಒ’ಕಾರದತ್ತ ಎಳೆದು ನುಡಿಯಬೇಕು. ಐಸ್‌ಲ್ಯಾಂಡಿನ ಭಾಷೆಯಲ್ಲಂತೂ ಗೆರೆ ಹೊತ್ತ ಅಕ್ಷರ ಕನ್ನಡದ ‘ಔ’ಕಾರಕ್ಕೆ ಸಮೀಪವಾದ ಸಂಧ್ಯಕ್ಷರ. ಆ ಒಂದೇ ಅಕ್ಷರ ಅಲ್ಲಿ ‘ನದಿ’ ಎಂಬರ್ಥದ ಪೂರ್ಣಪದವೂ ಹೌದು. ಅದನ್ನು ‘ಆ’ ಎಂದು ಬರೆದರೆ ಪದವೇ ಕೆಡುತ್ತದೆ.

ಒತ್ತು ಕನ್ನಡದಲ್ಲಿ ಅರ್ಥಭೇದಕವಲ್ಲ, ಆದುದರಿಂದ ಅದಕ್ಕೆ ಲಿಪಿಚಿಹ್ನೆಯೂ ಇಲ್ಲ. ಸ್ಪ್ಯಾನಿಷ್ ಹೆಸರುಗಳಲ್ಲಿ ಒತ್ತಿನ ಬದಲು ದೀರ್ಘವನ್ನು ಬಳಸುವುದು ಕ್ಷಮ್ಯವಾದ ಉಪಾಯ. ಚೆಕ್ ಹೆಸರುಗಳಲ್ಲಿ ಅಂಥ ಉಪಾಯವೇ ಬೇಡ. ಸಂಗೀತಕಾರ ಆಂಟೊನಿನ್ ದ್ವೊರ್ಜಾಕ್ (1841–1904) ಹೆಸರಿನಲ್ಲಿ ಒತ್ತು ‘ದ್ವೊ’ ಮೇಲಿದೆ, ದೀರ್ಘ ‘ಜಾ’ದಲ್ಲಿದೆ. ಇಂಗ್ಲಿಷಿನ ಮೂಲಕ ಕೇಳಿದವರು ಒತ್ತನ್ನೇ ದೀರ್ಘವೆಂದು ಗ್ರಹಿಸಿ ‘ದ್ವೋರ್ಜಾಕ್’ ಎನ್ನುತ್ತಾರೆ. ಹಿಂದಿ, ಮರಾಠಿಗಳ ರೂಢಿಯ ವರ್ಣಮಾಲೆಯಲ್ಲಿ ಹ್ರಸ್ವ ‘ಒ’ಕಾರಕ್ಕೆ ಬೇರೆ ಅಕ್ಷರವಿಲ್ಲದ್ದರಿಂದ ಅಲ್ಲಿ ಅದು ಅನಿವಾರ್ಯ. ಕನ್ನಡದಲ್ಲಿ ‘ಒ’ ಮತ್ತು ‘ಓ’ ಎರಡೂ ಇರುವಾಗ ಆ ರೂಪವನ್ನು ಎರವಲು ತರಲು ಕಾರಣವಿಲ್ಲ.