ಫಿನಾಲಿನ ಬಳಗ

ವಿದ್ಯಾರ್ಥಿಗಳೇ, ಕಪ್ಪು ಫಿನಾಯಿಲನ್ನು ನೀರಿಗೆ ಸುರಿದಾಗ ನೀರು ಹಾಲಿನಂತೆ ಬೆಳ್ಳಗಾಗಿ ಮೂಗಿಗೆ ಘಾಟು ಬಡಿಯುವುದನ್ನು ನೀವು ಕಂಡಿದ್ದೀರಿ. ಅದು ಫಿನಾಲಿನ ಬಳಗಕ್ಕೆ ಸೇರಿದ ಕ್ರೆಸಾಲ್ ಮೊದಲಾದವುಗಳ ವಾಸನೆ.

ಆರು ಇಂಗಾಲದ ಪರಮಾಣುಗಳು ಉಂಗುರದಂತೆ ಕೈಹಿಡಿದು ನಿಂತಿವೆಯೆಂದು ಭಾವಿಸಿರಿ. ಅವುಗಳಲ್ಲೊಂದಕ್ಕೆ ಆಮ್ಲಜನಕ-ಜಲಜನಕಗಳ ಜೋಡಿ ಅಂಟಿದರೆ ಅದು ಫಿನಾಲ್. 1834ರಲ್ಲಿ ಜರ್ಮನಿಯ ರುಂಗೆ ಎಂಬವರು ಇದನ್ನು ಕಲ್ಲಿದ್ದಲಿನ ಡಾಂಬರಿನಿಂದ ತೆಗೆದರು. 1865ರಲ್ಲಿ ಲಿಸ್ಟರ್ ಎಂಬ ವೈದ್ಯರು ಗಾಯ ಕೀವಾಗದಂತೆ ತಡೆಯಲು ಬಳಸಿದರು. ಆದರೆ ಅದು ಚರ್ಮವನ್ನೂ ಸುಡುತ್ತದೆ.

ಉಂಗುರದ ಉಳಿದ ಐದು ಸ್ಥಾನಗಳಿಗೆ ಬೇರೆ ಗುಂಪುಗಳು ಬಂದು ಸೇರಬಹುದು. ನಾವು ವ್ಯಾಕರಣ ಕಲಿಸುವವರು; ಮೂಲ ಶಬ್ದಕ್ಕೆ ಪ್ರತ್ಯಯ ಹತ್ತಿದಂತೆ ಎಂದರೆ ನಮಗೆ ಬೇಗ ತಿಳಿಯುತ್ತದೆ. ಓಂಕಾಳಿನ ಥೈಮಾಲ್, ಲವಂಗದ ಯುಜೆನಾಲ್, ಗಡಹಿಂಗ್ಲಜ ಪೇಟೆಯ ಸಂಕೇಶ್ವರಿ ಮೆಣಸಿನಕಾಯಿಗೆ ಖಾರ ಕೊಡುವ ಕ್ಯಾಪ್ಸೈಸಿನ್, ಎಲ್ಲವೂ ಹೀಗೆ ಆದವು.

ಐದು ಸ್ಥಾನಗಳಲ್ಲಿಯೂ ಕ್ಲೋರಿನ್ ಕುಳಿತರೆ ಪೆಂಟಾಕ್ಲೋರೋಫಿನಾಲ್ ಎಂಬ ವಿಷವಾಗುತ್ತದೆ. ಹಾಸಿನ ನೂಲಿಗೆ ಸೈಜಿಂಗಿನಲ್ಲಿ ಗಂಜಿ ಹಾಕುವುದನ್ನು ಇಚಲಕರಂಜಿಯ ಮಕ್ಕಳು ಬಲ್ಲರು. ಆ ಗಂಜಿಗೆ ಬೂಷ್ಟು ಹಿಡಿಯದಿರಲೆಂದು ಜವಳಿ ಉದ್ಯಮದಲ್ಲಿ ಹಿಂದೆ ಇದನ್ನು ಬೆರೆಸುವುದಿತ್ತು. ಜರ್ಮನಿ 1989ರಲ್ಲಿ ನಿಷೇಧಿಸಿತು. 2015ರಲ್ಲಿ ಇದು ಸ್ಟಾಕ್‌ಹೋಮ್ ಒಪ್ಪಂದದ ಪಟ್ಟಿಗೆ ಸೇರಿತು. ನೀರಿನ ಮಾತೂ ಅಷ್ಟೇ. ಕುಡಿಯುವ ನೀರಿನಲ್ಲಿ ಲೀಟರಿಗೆ 0.001 ಮಿಲಿಗ್ರಾಂಗಿಂತ ಹೆಚ್ಚು ಫಿನಾಲ್ ಇರಬಾರದೆಂದು ಭಾರತೀಯ ಮಾನಕ ಹೇಳುತ್ತದೆ. ನೀರಿಗೆ ಹಾಕುವ ಕ್ಲೋರಿನ್ನಿನೊಡನೆ ಕೂಡಿದರೆ ಅತ್ಯಲ್ಪ ಫಿನಾಲ್ ಕೂಡ ನೀರನ್ನು ಔಷಧಿಯಂತೆ ನಾರಿಸುತ್ತದೆ.

ತಾಯಂದಿರಿಗೊಂದು ಮಾತು. ಫಿನಾಯಿಲನ್ನು ಶರಬತ್ತಿನ ಹಳೆಯ ಬಾಟಲಿಯಲ್ಲಿ ತುಂಬಿಡಬೇಡಿರಿ. ಮಗು ಕುಡಿದುಬಿಟ್ಟರೆ ವಾಂತಿ ಮಾಡಿಸಬಾರದು, ಗಂಟಲು ಮತ್ತೊಮ್ಮೆ ಸುಡುತ್ತದೆ. ಬಾಟಲಿಯೊಡನೆ ಕೂಡಲೇ ದವಾಖಾನೆಗೆ ಒಯ್ಯಿರಿ.

ನಮ್ಮ ಭಾಗದಲ್ಲಿ ಈ ಬಳಗದ ಹತ್ತಿರದ ನೆಂಟನೆಂದರೆ ಗೋಡಂಬಿಯ ಸಿಪ್ಪೆ. ಚಂದಗಡ, ಆಜರಾ ತಾಲೂಕುಗಳಲ್ಲಿ ಗೋಡಂಬಿ ಬೆಳೆ ಹೆಚ್ಚು. ಬೀಜ ಒಡೆಯುವ ಕೆಲಸವೂ ಉಂಟು. ಸಿಪ್ಪೆಯೊಳಗಿನ ಜೇನುಹಟ್ಟಿಯಂಥ ಪದರಿನಲ್ಲಿ ಕಂದು ಎಣ್ಣೆಯಿದೆ. ಅದರ ಮುಖ್ಯ ಅಂಶ ಅನಕಾರ್ಡಿಕ್ ಆಮ್ಲ; ಕಾಯಿಸಿದಾಗ ಇಂಗಾಲಾಮ್ಲವನ್ನು ಬಿಟ್ಟು ಕಾರ್ಡನಾಲ್ ಆಗುತ್ತದೆ. ಫಿನಾಲಿನ ಉಂಗುರಕ್ಕೆ 15 ಇಂಗಾಲಗಳ ಉದ್ದ ಬಾಲ! ಈ ಬಾಲದಿಂದಾಗಿ ಅದು ನೀರಿನಲ್ಲಿ ಕರಗದೆ ಚರ್ಮದ ಜಿಡ್ಡಿನಲ್ಲಿ ಸೇರಿಕೊಳ್ಳುತ್ತದೆ. ಕೈ ಕಪ್ಪಾಗಿ, ಗುಳ್ಳೆ ಎದ್ದು, ಸುಲಿಯುತ್ತದೆ. ಬಟ್ಟೆಗೆ ಗುರುತು ಹಾಕಲು ಅಗಸರು ಬಳಸುತ್ತಿದ್ದ ಕೇರುಬೀಜ, ಮರಾಠಿಯ ಬಿಬ್ಬಾ, ಇದರ ಸೋದರ. ಮಾವಿನ ಸೊನೆಯೂ ದೂರದವನಲ್ಲ. ಇದೇ ಎಣ್ಣೆಯಿಂದ ವಾರ್ನಿಷ್, ವಾಹನಗಳ ಬ್ರೇಕಿನ ಸಾಮಾನು ಆಗುತ್ತವೆಂಬುದನ್ನೂ ಹೇಳಬೇಕು. ಅದು ಕೆಟ್ಟ ವಸ್ತುವಲ್ಲ, ಬರಿಗೈಗೆ ತಕ್ಕದ್ದಲ್ಲ ಅಷ್ಟೇ.

ಬೀಜ ಒಡೆಯುವವರು ಕೈಗೆ ಎಣ್ಣೆ ಇಲ್ಲವೆ ಬೂದಿ ಬಳಿದುಕೊಳ್ಳುತ್ತಾರೆ. ಅನುಭವದಿಂದ ಬಂದ ಜಾಣತನವಿದು, ಆದರೂ ಕೈಗವಸಿಗೆ ಸಮವಲ್ಲ. ನಿಮ್ಮ ತಾಯಿಯೋ ಅಕ್ಕನೋ ಆ ಕೆಲಸಕ್ಕೆ ಹೋಗುತ್ತಿದ್ದರೆ ಇದನ್ನು ಓದಿ ಹೇಳಿರಿ: ಊಟಕ್ಕೆ ಮುನ್ನ, ಕೂಸನ್ನು ಎತ್ತಿಕೊಳ್ಳುವ ಮುನ್ನ, ಕೈಯನ್ನು ಸಾಬೂನಿನಿಂದಲೇ ತೊಳೆಯಬೇಕು. ಬೇಸಿಗೆ ರಜೆಯಲ್ಲಿ ಬೀಜ ಸುಡುವ ಹುಡುಗರು ಬೆಂಕಿಯ ಮೇಲೆ ಮುಖ ಬಗ್ಗಿಸದಿರಲಿ. ಎಣ್ಣೆ ಸಿಡಿಯುತ್ತದೆ, ಹೊಗೆಯೂ ಕಣ್ಣು ಉರಿಸುತ್ತದೆ. ಹಸಿ ಬೀಜವನ್ನು ಹಲ್ಲಿನಿಂದಂತೂ ಕಚ್ಚಲೇಬೇಡಿರಿ.